ಸಮೀಕ್ಷಾ ನಮೂನೆ: ಕನ್ನಡದ ಉತ್ತರಕ್ಕೆ ಎಷ್ಟು ಜಾಗ?

ಅಂತರ್ಜಾಲದ ಸಮೀಕ್ಷಾ ನಮೂನೆಗಳಲ್ಲಿ ‘ಉತ್ತರ 500 ಅಕ್ಷರ ಮೀರಬಾರದು’ ಎಂಬಂಥ ಸೂಚನೆ ಸಾಮಾನ್ಯ. ಆದರೆ ಗಣಕಯಂತ್ರದ ಎಣಿಕೆ ಬೇರೆ, ಕನ್ನಡಿಗರ ಎಣಿಕೆ ಬೇರೆ. ನಮಗೆ ‘ರಾಷ್ಟ್ರ’ ಎರಡೇ ಅಕ್ಷರ. ವ್ಯಂಜನ, ಸ್ವರಚಿಹ್ನೆ ಹಾಗೂ ಹಲಂತಗಳಿಗೆ ಯುನಿಕೋಡ್‌ನಲ್ಲಿ ಪ್ರತ್ಯೇಕ ಸಂಕೇತಗಳಿರುವುದರಿಂದ ಗಣಕಯಂತ್ರಕ್ಕೆ ಅದು 7 ಸಂಕೇತಗಳ ಪದ. ನಮೂನೆಯ ಮಿತಿ ಸಾಮಾನ್ಯವಾಗಿ ಈ ಏಳನ್ನೂ ಲೆಕ್ಕಕ್ಕೆ ಹಿಡಿಯುತ್ತದೆ.

ಉತ್ತರವನ್ನು ಸಂಗ್ರಹಿಸುವ ಡೇಟಾಬೇಸ್ ಬೈಟ್‌ಗಳಲ್ಲಿ ಅಳೆದರೆ ಅಂತರ ಇನ್ನೂ ಹಿರಿದು. ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಸಾಕು. ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. 4000 ಬೈಟ್‌ಗಳ ಜಾಗದಲ್ಲಿ ಕನ್ನಡದ 1333 ಸಂಕೇತಗಳಷ್ಟೇ ಹಿಡಿಯುತ್ತವೆ.

ಬೇರೆಡೆ ಬರೆದು ತಂದು ಅಂಟಿಸಿದ ಉತ್ತರದ ಕೊನೆಯ ಭಾಗವನ್ನು ಕೆಲವು ಬ್ರೌಸರ್‌ಗಳು ಎಚ್ಚರಿಕೆ ನೀಡದೆಯೇ ಕತ್ತರಿಸುತ್ತವೆ. ಅಹವಾಲಿನ ತಿರುಳು ಅಲ್ಲಿದ್ದರೆ ಸಮೀಕ್ಷೆಗೆ ಅದು ತಲುಪುವುದೇ ಇಲ್ಲ.

ಆದ್ದರಿಂದ ನಮೂನೆ ಸಿದ್ಧಪಡಿಸುವವರು ಮಿತಿಯನ್ನು ಕನ್ನಡದ ಉತ್ತರ ಬರೆದು ಪರೀಕ್ಷಿಸಿಯೇ ನಿಗದಿಪಡಿಸಬೇಕು. ಉಳಿದಿರುವ ಜಾಗವನ್ನು ಬರೆಯುವಾಗಲೇ ತೋರಿಸಬೇಕು. ಮಿತಿ ಮೀರಿದ ಉತ್ತರವನ್ನು ಕತ್ತರಿಸದೆ, ತಿದ್ದಲು ಅವಕಾಶ ನೀಡಬೇಕು. ಉತ್ತರಿಸುವವರು ಮುಖ್ಯ ವಿಷಯವನ್ನು ಮೊದಲ ವಾಕ್ಯದಲ್ಲೇ ಬರೆದು, ಕಳುಹಿಸುವ ಮುನ್ನ ಕೊನೆಯ ಸಾಲನ್ನೊಮ್ಮೆ ನೋಡಿಕೊಳ್ಳುವುದು ಒಳಿತು.