ದೀವಟಿಗೆ, ಗ್ಯಾಸ್‌ಲೈಟು, ಜೋಗದ ನೀರು

1842ರ ಸುಮಾರಿಗೆ ಹೊನ್ನಾವರದ ಬಳಿಯ ಕರ್ಕಿಯಿಂದ ಹೊರಟ ಯಕ್ಷಗಾನ ಮೇಳವೊಂದು ಸಾಂಗ್ಲಿಯ ಅರಸರೆದುರು ಆಟ ಆಡಿತು ಎಂದು ರಂಗಭೂಮಿಯ ಚರಿತ್ರೆ ಬರೆದವರು ಹೇಳುತ್ತಾರೆ. ಆ ಆಟದ ಪ್ರೇರಣೆಯಿಂದಲೇ ವಿಷ್ಣುದಾಸ ಭಾವೆ 1843ರಲ್ಲಿ ‘ಸೀತಾ ಸ್ವಯಂವರ’ ಕಟ್ಟಿದ್ದು, ಮರಾಠಿ ನಾಟಕಕ್ಕೆ ದಾರಿಯಾದದ್ದು. ಇದೇ ಎರಡು ವರ್ಷಗಳಲ್ಲಿ ಯುರೋಪಿನಲ್ಲಿ ಇನ್ನೊಂದು ಕೆಲಸ ನಡೆದಿತ್ತು. 1842ರಲ್ಲಿ ರಾಬರ್ಟ್ ಮೇಯರ್ ಎಂಬ ಜರ್ಮನ್ ವೈದ್ಯ, 1843ರಲ್ಲಿ ಜೇಮ್ಸ್ ಜೂಲ್ ಎಂಬ ಇಂಗ್ಲೆಂಡಿನವ, ಶಕ್ತಿ ಹುಟ್ಟುವುದೂ ಇಲ್ಲ, ಸಾಯುವುದೂ ಇಲ್ಲ, ರೂಪ ಮಾತ್ರ ಬದಲಿಸುತ್ತದೆ ಎಂಬ ತಿಳಿವಳಿಕೆಗೆ ಅಡಿಪಾಯ ಹಾಕುತ್ತಿದ್ದರು. ಒಂದಕ್ಕೊಂದು ಸಂಬಂಧವಿಲ್ಲ, ನಿಜ. ಆದರೆ ನಮ್ಮೂರ ಮಕ್ಕಳಿಗೆ ಇಸವಿ ನೆನಪಿಡಲು ಇದಕ್ಕಿಂತ ಒಳ್ಳೆಯ ಗುರುತು ನನಗೆ ಸಿಕ್ಕಿಲ್ಲ.

ಆ ಕಾಲದ ಆಟಕ್ಕೆ ದೀವಟಿಗೆಯೇ ಬೆಳಕು. ಹೊನ್ನೆ ಮರದ ಎಲೆ ಬಿಸಿಲನ್ನು ಹಿಡಿದು ಬೀಜದಲ್ಲಿ ಎಣ್ಣೆಯಾಗಿ ಕೂಡಿಡುತ್ತದೆ. ಅದು ರಾಸಾಯನಿಕ ಶಕ್ತಿ. ಗಾಣದಲ್ಲಿ ಹಿಂಡಿದ ಆ ಎಣ್ಣೆಯಲ್ಲಿ ಬಟ್ಟೆ ಅದ್ದಿ ಹೊತ್ತಿಸಿದರೆ ಹಳೆಯ ಬಿಸಿಲೇ ಮತ್ತೆ ಹೊರಗೆ ಬರುತ್ತದೆ. ಆದರೆ ಬಹುಪಾಲು ಬಿಸಿಯಾಗಿ, ಚೂರೇ ಚೂರು ಬೆಳಕಾಗಿ. ಆ ಚೂರು ಬೆಳಕಿಗೇ ಕಿರೀಟದ ಬೇಗಡೆ ಮಿಂಚುತ್ತಿತ್ತು. ಪಕ್ಕದಲ್ಲಿ ಚಂಡೆಯವನ ತೋಳು ಉಂಡ ಅನ್ನವನ್ನು ಚಲನೆಯಾಗಿ, ಚಲನೆಯನ್ನು ಸದ್ದಾಗಿ ಮಾಡುತ್ತಿತ್ತು.

ಇಷ್ಟೆಲ್ಲ ಒಂದೇ ಶಕ್ತಿಯ ಬೇರೆ ಬೇರೆ ರೂಪ ಎಂದು ಆಗ ಯಾರಿಗೂ ಖಚಿತವಿರಲಿಲ್ಲ. 18ನೇ ಶತಮಾನದ ಆರಂಭದಲ್ಲಿ ಹಾಲೆಂಡಿನ ಗ್ರಾವೆಸಾಂಡೆ ಮೆತ್ತನೆಯ ಜೇಡಿಮಣ್ಣಿನ ಮೇಲೆ ಹಿತ್ತಾಳೆಯ ಗುಂಡು ಬೀಳಿಸಿ, ವೇಗ ಎರಡು ಪಟ್ಟಾದರೆ ಕುಳಿಯ ಆಳ ನಾಲ್ಕು ಪಟ್ಟಾಗುತ್ತದೆ ಎಂದು ತೋರಿಸಿದ. ಚಲನ ಶಕ್ತಿಯ ಲೆಕ್ಕಕ್ಕೆ ಅದು ಮೊದಲ ಮೆಟ್ಟಿಲುಗಳಲ್ಲೊಂದು. ಉಷ್ಣ ಮಾತ್ರ ಕಣ್ಣಿಗೆ ಕಾಣದ ಒಂದು ದ್ರವ ಎಂದೇ ಬಹುಮಂದಿ ನಂಬಿದ್ದರು. 1798ರಲ್ಲಿ ರಮ್‌ಫರ್ಡ್ ಎಂಬ ವಿಜ್ಞಾನಿ ಆ ನಂಬಿಕೆಯನ್ನು ಅಲುಗಾಡಿಸಿದ. ಮ್ಯೂನಿಕ್‌ನಲ್ಲಿ ಫಿರಂಗಿ ಕೊರೆಯುವಾಗ ಉಜ್ಜಿದಷ್ಟೂ ಬಿಸಿ ಬರುತ್ತಲೇ ಇತ್ತು, ಮುಗಿಯುವ ಲಕ್ಷಣವೇ ಇರಲಿಲ್ಲ. ದ್ರವವಾಗಿದ್ದರೆ ಎಂದೋ ಬರಿದಾಗಬೇಕಿತ್ತಲ್ಲ?

ಮೇಯರ್‌ಗೆ ಹೊಳೆದದ್ದು ಜಾವಾ ದ್ವೀಪದಲ್ಲಿ, ಹಡಗಿನ ವೈದ್ಯನಾಗಿದ್ದಾಗ. ಸೆಕೆಯ ಊರಿನಲ್ಲಿ ನಾವಿಕರ ರಕ್ತ ಹೆಚ್ಚು ಕೆಂಪಾಗಿತ್ತು. ಮೈ ಬೆಚ್ಚಗಿಡಲು ಅಲ್ಲಿ ಅನ್ನವನ್ನು ಅಷ್ಟು ಉರಿಸಬೇಕಿಲ್ಲ ಎಂದು ಅವನು ಊಹಿಸಿದ. ಅಳೆದು ತೋರಿಸಿದವನು ಜೂಲ್. ತೂಕದ ಗುಂಡುಗಳು ಕೆಳಗಿಳಿಯುತ್ತ ನೀರಿನೊಳಗಿನ ಹುಟ್ಟುಗಳನ್ನು ತಿರುಗಿಸುವಂತೆ ಮಾಡಿ, ನೀರು ಎಷ್ಟು ಬಿಸಿಯಾಯಿತೆಂದು ನೋಡಿದ. 1850ರ ಹೊತ್ತಿಗೆ ಅವನಿಗೆ ಸಿಕ್ಕ ಸಂಖ್ಯೆ 772. ಎಂದರೆ, ನೀರು 772 ಅಡಿ ಬಿದ್ದು ಆ ಶಕ್ತಿಯೆಲ್ಲ ಬಿಸಿಯಾದರೆ ಅದರ ಉಷ್ಣತೆ ಒಂದು ಡಿಗ್ರಿ ಫ್ಯಾರನ್‌ಹೀಟ್ ಏರುತ್ತದೆ. 160 ಅಡಿಯ ನಯಾಗರದ ಬುಡದಲ್ಲಿ ನೀರು ಐದನೇ ಒಂದು ಡಿಗ್ರಿ ಬಿಸಿ ಇರಬೇಕೆಂದು ಅವನು ಮೊದಲೇ ಲೆಕ್ಕ ಹಾಕಿ ಬರೆದಿದ್ದ. ಆಲ್ಪ್ಸ್‌ನಲ್ಲಿ ಜಲಪಾತ ಅಳೆಯಲು ಥರ್ಮಾಮೀಟರ್ ಹಿಡಿದು ಹೊರಟಿದ್ದ ಜೂಲ್‌ನನ್ನು ಕಂಡೆನೆಂದು ವಿಜ್ಞಾನಿ ಕೆಲ್ವಿನ್ ನೆನಪಿಸಿಕೊಂಡಿದ್ದಾನೆ.

ಜೂಲ್ ಹುಡುಕುತ್ತಿದ್ದ ಎತ್ತರ ನಮ್ಮಲ್ಲೇ ಇತ್ತು. ಶರಾವತಿಯ ಜೋಗ ಜಲಪಾತ 830 ಅಡಿ, ಅಂದರೆ 253 ಮೀಟರ್. ತುಂತುರಾಗಿ, ಆವಿಯಾಗಿ ನೀರು ತಣಿಯುವುದನ್ನು ಬದಿಗಿಟ್ಟರೆ, ಜೋಗದ ಬುಡದ ನೀರು ನೆತ್ತಿಯ ನೀರಿಗಿಂತ ಒಂದು ಡಿಗ್ರಿ ಫ್ಯಾರನ್‌ಹೀಟಿಗೆ ಸ್ವಲ್ಪ ಹೆಚ್ಚು ಬಿಸಿ. ಸೆಲ್ಸಿಯಸ್ಸಿನಲ್ಲಿ ಸುಮಾರು 0.6. ಅಷ್ಟು ಭೋರ್ಗರೆತಕ್ಕೆ ಇಷ್ಟೇ ಬಿಸಿಯೇ ಎಂದು ಮಕ್ಕಳು ಬೆರಗಾಗುತ್ತಾರೆ. ಬೆರಗಾಗಬೇಕಾದ್ದೇ.

ಬೀಳುವ ನೀರಿನ ಚಲನೆ ಬಿಸಿಯಷ್ಟೇ ಅಲ್ಲ, ವಿದ್ಯುತ್ತೂ ಆಗಬಲ್ಲದು. 1831ರಲ್ಲಿ ವಿಜ್ಞಾನಿ ಫ್ಯಾರಡೆ ತಂತಿಯ ಸುರುಳಿ ಮತ್ತು ಅಯಸ್ಕಾಂತದಿಂದ ಚಲನೆಯನ್ನು ವಿದ್ಯುತ್ತಾಗಿಸುವ ದಾರಿ ತೋರಿದ್ದ. ನಮ್ಮ ರಾಜ್ಯಕ್ಕೆ ಆ ವಿದ್ಯುತ್ತು ದೊಡ್ಡ ಪ್ರಮಾಣದಲ್ಲಿ ಬಂದದ್ದು 1902ರಲ್ಲಿ, ಶಿವನಸಮುದ್ರದಿಂದ ಕೋಲಾರದ ಗಣಿಗೆ. ಜೋಗದ ಕೆಳಗಿನ ಮೊದಲ ವಿದ್ಯುದಾಗಾರ 1948ರದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ವಿದ್ಯುದಾಗಾರ ಶುರುವಾಯಿತು. ಈಗ ಅದರ ಹತ್ತು ಯಂತ್ರಗಳ ಸಾಮರ್ಥ್ಯ 1035 ಮೆಗಾವಾಟ್. ಲಿಂಗನಮಕ್ಕಿಯ ಬುಡದ 55 ಮೆಗಾವಾಟಿನ ಕೇಂದ್ರ ದಾಟಿ, ತಳಕಳಲೆ ಜಲಾಶಯಕ್ಕೆ ಬಂದು, ಶರಾವತಿ ವಿದ್ಯುದಾಗಾರಕ್ಕೆ ನಾನೂರು ಮೀಟರಿಗೂ ಮೀರಿ ಧುಮುಕಿ, ಗೇರುಸೊಪ್ಪೆಯಲ್ಲಿ ಮತ್ತೆ 240 ಮೆಗಾವಾಟಿನ ಯಂತ್ರಗಳನ್ನು ತಿರುಗಿಸಿ ನೀರು ಹೊನ್ನಾವರದಲ್ಲಿ ಕಡಲು ಸೇರುತ್ತದೆ.

ಲೆಕ್ಕ ಮಾಡಿ ನೋಡಿ. ಮನೆಯ ಮೇಲಿನ ಸಾವಿರ ಲೀಟರ್ ಟ್ಯಾಂಕಿನ ನೀರು 400 ಮೀಟರ್ ಬಿದ್ದರೆ ಸಿಗುವ ವಿದ್ಯುತ್ತು ಹೆಚ್ಚುಕಡಿಮೆ ಒಂದು ಯೂನಿಟ್. ಒಂದು ಯೂನಿಟ್ಟಿನಲ್ಲಿ 10 ವಾಟಿನ ಎಲ್‌ಇಡಿ ದೀಪ ನೂರು ತಾಸು ಉರಿಯುತ್ತದೆ. ಅದೇ ಯೂನಿಟ್ಟನ್ನು ಸ್ನಾನದ ನೀರಿಗೆ ಹಾಕಿದರೆ 20 ಲೀಟರಿನ ಒಂದೇ ಬಕೆಟ್ ಸುಡುವಷ್ಟು ಕಾಯುತ್ತದೆ. ಬಚ್ಚಲ ಹಂಡೆಯ ಒಲೆಗೆ ತೆಂಗಿನ ಮಡಲು ತುರುಕಿ ಬೆಂಕಿ ಹಾಕುತ್ತಿದ್ದ ಅಜ್ಜಿಯರು ಇದನ್ನು ತಿಳಿದೇ ಮಾಡುತ್ತಿದ್ದರೇನೋ ಅನಿಸುತ್ತದೆ.

ದೀವಟಿಗೆಗೂ ವಿದ್ಯುತ್ತಿಗೂ ನಡುವೆ ಗ್ಯಾಸ್‌ಲೈಟಿನ ಕಾಲ. ಅದನ್ನು ನಾನು ಕಂಡಿದ್ದೇನೆ. ಕೊಯ್ಲಾದ ಗದ್ದೆಯಲ್ಲಿ ಮುಸ್ಸಂಜೆ ಒಬ್ಬರು ಕುಕ್ಕರಗಾಲಲ್ಲಿ ಕೂತು ಪಂಪು ಹೊಡೆಯುತ್ತಿದ್ದರು. ತೋಳಿನ ಬಲ ಗಾಳಿಯ ಒತ್ತಡವಾಗಿ ಸೀಮೆಎಣ್ಣೆಯನ್ನು ಮೇಲೇರಿಸುತ್ತಿತ್ತು. ಎಣ್ಣೆ ಆವಿಯಾಗಿ ಉರಿದು, ಬೂದಿಯಷ್ಟು ಹಗುರಾದ ಮ್ಯಾಂಟಲ್ಲು ಕಾದು ಬೆಳ್ಳಗೆ ಬೆಳಗುತ್ತಿತ್ತು. ಮುಟ್ಟಿದರೆ ಪುಡಿ. ನಡುರಾತ್ರಿ ಬೆಳಕು ಮಂಕಾದರೆ ಮತ್ತೆ ಪಂಪು. ಆಮೇಲೆ ತಂತಿಯ ಬಲ್ಬು ಬಂತು. ಅದೂ ನೂರಕ್ಕೆ ತೊಂಬತ್ತೈದು ಪಾಲು ಬಿಸಿಯನ್ನೇ ಕೊಡುವಂಥದು. ಎಲ್‌ಇಡಿ ಮೂರರಲ್ಲೊಂದು ಪಾಲನ್ನಾದರೂ ಬೆಳಕಾಗಿಸುತ್ತದೆ. ದೀಪದ ಚರಿತ್ರೆಯೆಂದರೆ ಈ ಸೋರಿಕೆ ತಗ್ಗಿಸಿದ ಚರಿತ್ರೆ ಎಂದೇ ನಾನು ಓದುತ್ತೇನೆ.

ನಮ್ಮದೇ ಜಿಲ್ಲೆಯ ಕೈಗಾದಲ್ಲಿ 2000ದಿಂದ ಅಣುವಿನ ಗರ್ಭದ ಶಕ್ತಿ ವಿದ್ಯುತ್ತಾಗುತ್ತಿದೆ. ಅಲ್ಲಿನ ಒಂದು ಘಟಕ 2018ರ ಕೊನೆಗೆ 962 ದಿನ ಸತತವಾಗಿ ನಡೆದು ದಾಖಲೆ ಬರೆಯಿತು. ಅಲ್ಲೂ ಹುಟ್ಟಿದ ಉಷ್ಣದಲ್ಲಿ ವಿದ್ಯುತ್ತಾಗುವುದು ಮೂರನೇ ಒಂದು ಪಾಲಿಗೂ ಕಡಿಮೆ. ಉಳಿದ ಬಿಸಿಯ ಬಹುಪಾಲು ಕದ್ರಾ ಜಲಾಶಯದ ನೀರಿಗೆ.

ಈಗ ಗೇರುಸೊಪ್ಪೆಯಿಂದ ತಳಕಳಲೆಗೆ ನೀರೆತ್ತಿ, ಬೇಕಾದಾಗ ಇಳಿಸುವ 2000 ಮೆಗಾವಾಟಿನ ಯೋಜನೆಯ ಮಾತಿದೆ. ಕಾಡು, ಸಿಂಗಳೀಕ, ನದಿ ಎಂದು ವಿರೋಧವೂ ಇದೆ. ಇಂಥ ಯೋಜನೆಗಳಲ್ಲಿ ಎತ್ತಲು ಖರ್ಚಾದ ನೂರರಲ್ಲಿ ಎಪ್ಪತ್ತೈದೋ ಎಂಬತ್ತೋ ಮರಳಿ ಸಿಗುತ್ತದೆ, ಅಷ್ಟೇ. ಅದು ಹೊಸ ಶಕ್ತಿಯಲ್ಲ, ಕೂಡಿಟ್ಟ ಶಕ್ತಿ. ಈ ವ್ಯತ್ಯಾಸ ತಿಳಿಯದೆ ನದಿದಂಡೆಯ ಮಕ್ಕಳು ಬೆಳೆಯಬಾರದು.

ಜೂಲ್‌ನ ಪ್ರಯೋಗವನ್ನು ಕರ್ಕಿಯ ಶಾಲೆಯಲ್ಲೇ ಮಾಡಬಹುದು. ಒಂದು ಮೀಟರಿಗಿಂತ ತುಸು ಉದ್ದದ ಪಿವಿಸಿ ಪೈಪು ತನ್ನಿ. ಕಡಲದಂಡೆಯ ಮರಳನ್ನು ಚೆನ್ನಾಗಿ ಒಣಗಿಸಿ, ನೆರಳಲ್ಲಿ ಆರಿಸಿ, ಎರಡು ಹಿಡಿಯಷ್ಟು ಒಳಗೆ ಹಾಕಿ ಎರಡೂ ಬಾಯಿ ಬಿರಡೆಯಿಂದ ಮುಚ್ಚಿ. ಕೈಬಿಸಿ ತಾಗದಂತೆ ಬಟ್ಟೆ ಸುತ್ತಿ ಹಿಡಿದು ನೂರು ಸಲ ಮಗುಚಿ. ಪ್ರತಿ ಸಲ ಮರಳು ಮೇಲಿಂದ ಕೆಳಗೆ ಬೀಳುವವರೆಗೆ ಕಾಯಿರಿ. ಮೊದಲೂ ಕೊನೆಗೂ ಥರ್ಮಾಮೀಟರ್ ಇಟ್ಟು ಬರೆದುಕೊಳ್ಳಿ. ಒಂದು ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸು ಏರಿರುತ್ತದೆ.