ಗೋಡೆಯ ಮೇಲಿನ ಲೆಕ್ಕ

ನಮ್ಮಪ್ಪ ಗೌಂಡಿ. ಊರು ನಿರ್ಣಾ. ಅವನಿಗೆ ಅಕ್ಷರ ಬರುವುದಿಲ್ಲ. ಹೀಗಾಗಿ ತಾನು ಕಟ್ಟಿದ ಗೋಡೆಯೇ ಅವನ ಹಾಜರಿ ಪುಸ್ತಕ. ದಿನಕ್ಕೊಂದು ಇದ್ದಿಲ ಗೀಟು. ಅರ್ಧ ದಿನಕ್ಕೆ ಅರ್ಧ ಗೀಟು. ನಾನು ಏಳನೇ ತರಗತಿಯಲ್ಲಿದ್ದಾಗ ಹೆದ್ದಾರಿ ಬದಿಯ ಒಂದು ಊರಲ್ಲಿ ಉಳ್ಳವರೊಬ್ಬರ ಮನೆ ಕಟ್ಟಿದ. ಮೆಟ್ಟಿಲ ಕೆಳಗಿನ ಗೋಡೆಯ ಮೇಲೆ 43 ಗೀಟು ಉಳಿದವು. ಅಷ್ಟು ದಿನದ ಕೂಲಿ ಬರಬೇಕಿತ್ತು. ಒಂದು ದಿನ ಸುಣ್ಣ ಬಳಿಯುವವರು ಬಂದರು. ಅವರೂ ನಮ್ಮಂಥ ಕೂಲಿಯವರೇ. ಕುಂಚ ಎರಡು ಸಲ ಆಡಿತು. ಲೆಕ್ಕ ಹೋಯಿತು.

ಅಪ್ಪ ಮಾಲೀಕನ ಹತ್ತಿರ ಹೋಗಿ, "ಸಾವ್ಕಾರ್ರ, ನಮ್ಮ ಪಗಾರ ಉಳದದ್ರಿ" ಅಂದ.

"ನಾ ಗುತ್ತೇದಾರಗ ಪೂರಾ ಕೊಟ್ಟೀನಿ. ಹೋಗಿ ಅವನ್ನ ಕೇಳು."

ಗುತ್ತೇದಾರನ ಹತ್ತಿರ ಹೋದರೆ, "ಮಾಲಕ ಕೊಟ್ಟಿಲ್ಲೋ ಮಾರಾಯ, ನಾ ಎಲ್ಲಿಂದ ಕೊಡ್ಲಿ?"

ಆ ಮನೆಯ ಗೃಹಪ್ರವೇಶದ ದಿನ ಅಪ್ಪ ಅಂಗಳದಲ್ಲಿ ಕೂತು ಉಂಡ. ಹಿಂದಿನ ವಾರದವರೆಗೆ ದೇವರಕೋಣೆಯ ಗೋಡೆ ಗಿಲಾವು ಮಾಡಿದವನು ಹೊಸ್ತಿಲು ದಾಟುವ ಹಾಗಿರಲಿಲ್ಲ. ಎಂಟು ತಿಂಗಳು ತಿರುಗಿದ ಮೇಲೆ ಯಾರೋ ಮಾಸ್ತರರು ಹೇಳಿದರೆಂದು ಒಂದು ಕಚೇರಿಗೆ ಹೋದ. ಅಲ್ಲಿದ್ದವರು, "ಆರು ತಿಂಗಳೊಳಗ ಬರಬೇಕಿತ್ತು, ಅವಧಿ ಮೀರ್ಯದ" ಅಂದು ಕಳಿಸಿದರು.

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವ ನಾನೇ ಮೊದಲು. ಕವಿತೆ ಬರೆಯುವ ನಾನು ಕಾನೂನಿನ ಪುಸ್ತಕ ತೆಗೆದದ್ದು ಈ ಎರಡು ಮಾತುಗಳ ಹುಟ್ಟು ಹುಡುಕಲಿಕ್ಕೆ. "ಅವನ್ನ ಕೇಳು." "ಅವಧಿ ಮೀರ್ಯದ." ಈ ಎರಡು ಮಾತಿಗೂ ಚರಿತ್ರೆ ಇದೆ ಗೆಳೆಯರೆ. ಅದು ನಮಗೆ ಯಾರೂ ಕಲಿಸದ ಚರಿತ್ರೆ.

ನಮ್ಮದು ಕಟ್ಟಿದವರ ನಾಡು. ಬಸವಕಲ್ಯಾಣ ಚಾಲುಕ್ಯರ ರಾಜಧಾನಿಯಾಗಿತ್ತು. ಹುಮನಾಬಾದ್ ಸೀಮೆಯ ಜಲಸಂಗಿಯ ಗುಡಿಯಲ್ಲಿ ಒಬ್ಬ ಕಲ್ಲಿನ ಹೆಣ್ಣು ನಿಂತು ಬರೆಯುತ್ತಿದ್ದಾಳೆ. ಪ್ರವಾಸಕ್ಕೆ ಹೋದ ಮಕ್ಕಳಿಗೆ ಮಾಸ್ತರರು ಅವಳನ್ನು ತೋರಿಸುತ್ತಾರೆ. ಅವಳು ಬರೆದದ್ದು 1076ರಿಂದ 1126ರವರೆಗೆ ಆಳಿದ ದೊರೆ ಆರನೆಯ ವಿಕ್ರಮಾದಿತ್ಯನ ಹೊಗಳಿಕೆ. ಅವಳನ್ನು ಕೊರೆದವನಿಗೆ ಕೂಲಿ ಎಷ್ಟು, ಅದು ಪೂರಾ ಸಿಕ್ಕಿತೋ ಇಲ್ಲವೋ, ಅವಳು ಬರೆದಿಲ್ಲ. ಕೈಗೆ ಬರಹ ಕೊಟ್ಟವನ ಲೆಕ್ಕವೇ ಬರಹದಲ್ಲಿಲ್ಲ.

ಅದೇ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದಲ್ಲಿ ಶರಣರು ದುಡಿಮೆಗೆ ಕಾಯಕವೆಂಬ ಹೆಸರು ಕೊಟ್ಟು ತಲೆ ಮೇಲೆ ಹೊತ್ತರು. ಆಯ್ದಕ್ಕಿ ಮಾರಯ್ಯ ಒಂದು ದಿನ ಹೆಚ್ಚು ಅಕ್ಕಿ ಆಯ್ದು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಮರಳಿ ಸುರಿದು ಬರಲು ಕಳಿಸಿದ ಕತೆ ಎಲ್ಲರಿಗೂ ಗೊತ್ತು. ಇಂದಿಗೂ ವೇದಿಕೆ ಮೇಲೆ ಕೂಲಿಯವರಿಗೆ ಈ ಕತೆ ಹೇಳುತ್ತಾರೆ. ಹೆಚ್ಚು ಬೇಡ ಎಂದವಳ ಕತೆ ನಮಗೆ ಹೇಳುವವರು, ಕಡಿಮೆ ಕೊಟ್ಟವರ ಕತೆಯನ್ನು ಯಾವ ವೇದಿಕೆ ಮೇಲೆ ಹೇಳಿದ್ದಾರೆ? ಲಕ್ಕಮ್ಮನ ಮಾತು ದುಡಿದವರ ಹೆಮ್ಮೆಯ ಮಾತು. ಅದನ್ನು ದುಡಿಸಿಕೊಂಡವರು ಕದ್ದುಕೊಂಡಿದ್ದಾರೆ.

ಇನ್ನು "ಅವನ್ನ ಕೇಳು" ಎಂಬ ಮಾತಿಗೆ ಬರೋಣ. ಇದಕ್ಕೆ ಬೇರೆ ದೇಶಗಳು ಒಂದು ಉತ್ತರ ಕಂಡುಕೊಂಡಿವೆ. ವಕೀಲರು ಅದಕ್ಕೆ ಲೀನ್ ಅನ್ನುತ್ತಾರೆ. ನಾನು ಹಿಡಿತದ ಹಕ್ಕು ಅನ್ನುತ್ತೇನೆ. ಕಟ್ಟಿದವನಿಗೆ ಹಣ ಬರಲಿಲ್ಲವೆಂದರೆ ಆ ಬಾಕಿ ಕಟ್ಟಡದ ಮೇಲೆಯೇ ಕೂರುತ್ತದೆ. ಬಾಕಿ ತೀರದೆ ಮಾಲೀಕ ಆ ಮನೆಯನ್ನು ನಿರಾಳವಾಗಿ ಮಾರಲಾರ. ಗುತ್ತೇದಾರ ಓಡಿಹೋದರೂ ಗೋಡೆ ಓಡಿಹೋಗುವುದಿಲ್ಲವಲ್ಲ!

ಫ್ರಾನ್ಸಿನ 1804ರ ಸಿವಿಲ್ ಸಂಹಿತೆ ಗೌಂಡಿ, ಬಡಿಗರ ಹೆಸರು ಹಿಡಿದೇ ಹೇಳಿತು: ಗುತ್ತೇದಾರ ಕೊಡದಿದ್ದರೆ, ಮಾಲೀಕ ಅವನಿಗೆ ಇನ್ನೂ ಕೊಡಬೇಕಾದ ಹಣದ ಮಟ್ಟಿಗೆ ಅವರು ನೇರ ಮಾಲೀಕನನ್ನೇ ಕೇಳಬಹುದು. ಅದಕ್ಕೂ ಮೊದಲು, 1791ರಲ್ಲಿ, ಅಮೆರಿಕಾದ ಮೇರಿಲ್ಯಾಂಡ್ ರಾಜ್ಯ ಹಿಡಿತದ ಹಕ್ಕಿನ ಕಾಯಿದೆ ಮಾಡಿತ್ತು. ಹೊಸ ರಾಜಧಾನಿ ವಾಷಿಂಗ್ಟನ್ ಏಳಬೇಕಿತ್ತು. ಕೆಲಸಗಾರರು ನಂಬಿ ಬರಬೇಕಾದರೆ ಇಂಥದ್ದೊಂದು ಭರವಸೆ ಬೇಕೆಂದು ಜೆಫರ್ಸನ್, ಮ್ಯಾಡಿಸನ್ ಮೊದಲಾದವರಿಗೆ ಅನಿಸಿತ್ತು.

ಇಷ್ಟಕ್ಕೆ ಹಿಗ್ಗಬೇಡಿ. ಅದೇ ರಾಜಧಾನಿಯ ಕಲ್ಲು ಕಡಿದವರಲ್ಲಿ, ಇಟ್ಟಂಗಿ ಮಾಡಿದವರಲ್ಲಿ ಕಪ್ಪು ಗುಲಾಮರಿದ್ದರು. ಅವರ ದುಡಿಮೆಯ ಬಾಡಿಗೆ ಅವರ ಒಡೆಯರ ಕೈ ಸೇರಿತು. ಒಂದು ಕಡೆ ಕಟ್ಟಿದವನಿಗೆ ಕಟ್ಟಡದ ಮೇಲೆ ಹಕ್ಕು. ಇನ್ನೊಂದು ಕಡೆ ಕಟ್ಟಿದವನಿಗೆ ತನ್ನ ಮೈ ಮೇಲೆಯೇ ಹಕ್ಕಿಲ್ಲ. ಕಾಯಿದೆ ಕೈಯನ್ನು ನೋಡುವ ಮೊದಲು ಅದು ಯಾರ ಕೈ ಎಂದು ನೋಡುತ್ತದೆ. ಇದು ನಮಗೆ ಹೊಸದಲ್ಲ.

ಆ ಹಕ್ಕಿಗೂ ಗಡುವಿನ ಬೇಲಿ ಇದೆ. ಕ್ಯಾಲಿಫೋರ್ನಿಯಾ 1879ರ ತನ್ನ ಸಂವಿಧಾನದಲ್ಲೇ ಇದನ್ನು ಬರೆದುಕೊಂಡ ರಾಜ್ಯ. ಅಲ್ಲಿ ಕೆಲಸ ಮುಗಿದ 90 ದಿನದೊಳಗೆ ಹಕ್ಕನ್ನು ದಾಖಲೆ ಕಚೇರಿಯಲ್ಲಿ ಬರೆಸಬೇಕು. ಮಾಲೀಕ "ಕೆಲಸ ಮುಗಿಯಿತು" ಎಂದು ನೋಟಿಸು ದಾಖಲಿಸಿಬಿಟ್ಟರೆ ಕೂಲಿಯವನಿಗೆ ಉಳಿಯುವುದು 30 ದಿನ. ಬರೆಸಿದ ಮೇಲೆ ಮತ್ತೆ 90 ದಿನದೊಳಗೆ ದಾವೆ ಹೂಡಬೇಕು. ಇಟ್ಟಂಗಿ, ಸಿಮೆಂಟು ಕೊಟ್ಟವನು ಮೊದಲ 20 ದಿನದಲ್ಲಿ ಮಾಲೀಕನಿಗೆ ಮುನ್ಸೂಚನೆಯನ್ನೂ ಕಳಿಸಬೇಕು. ಬರೀ ಮೈ ದುಡಿಸುವವನಿಗೆ ಮಾತ್ರ ಆ ಮುನ್ಸೂಚನೆ ಮಾಫಿ. ದಾಖಲೆಯ ಗಡುವೋ ದಾವೆಯ ಗಡುವೋ ತಪ್ಪಿದರೆ ಹಕ್ಕು ಹೋಯಿತು. ಅಲ್ಲಿಯೂ ಗೆಲ್ಲುವವನು ತಾರೀಖು ಬಲ್ಲವನು.

ಈಗ ನಮ್ಮ ದೇಶಕ್ಕೆ ಬರೋಣ. ಬ್ರಿಟಿಷರು ಮಾಡಿದ 1872ರ ಕರಾರು ಕಾಯಿದೆಯ 170ನೇ ಕಲಂ ಕುಶಲ ಕೆಲಸ ಮಾಡಿದವನಿಗೆ ಹಿಡಿತದ ಹಕ್ಕು ಕೊಟ್ಟಿದೆ. ಯಾರಿಗೆ? ಕಾಯಿದೆಯೇ ಎರಡು ಉದಾಹರಣೆ ಕೊಡುತ್ತದೆ. ಒಬ್ಬ ವಜ್ರ ಕೊರೆಯುವವನು, ಒಬ್ಬ ದರ್ಜಿ. ಹುಮನಾಬಾದ್ ಪ್ಯಾಟಿಯ ದರ್ಜಿ ಹೊಲಿಗೆ ಹಣ ಬರುವವರೆಗೆ ಅಂಗಿ ಇಟ್ಟುಕೊಳ್ಳಬಹುದು. ಆದರೆ ಇದು ಕೈಗೆ ಒಪ್ಪಿಸಿದ ಸಾಮಾನಿಗೆ ಮಾತ್ರ. ನೆಲಕ್ಕೆ ಅಂಟಿದ ಮನೆಗೆ ಇಲ್ಲ. ಗೌಂಡಿ ಮನೆಯನ್ನು ಚೀಲದಲ್ಲಿ ಹಾಕಿಕೊಂಡು ಹೋಗಲಾರನಲ್ಲ!

ಹತ್ತು ವರ್ಷದ ಮೇಲೆ, 1882ರಲ್ಲಿ, ಆಸ್ತಿ ವರ್ಗಾವಣೆ ಕಾಯಿದೆ ಬಂತು. ಅದರ 55ನೇ ಕಲಂ ಪ್ರಕಾರ ಮನೆ ಮಾರಿದವನಿಗೆ ಪೂರಾ ಹಣ ಬರದಿದ್ದರೆ, ಆ ಬಾಕಿ ಮನೆಯ ಮೇಲೆಯೇ ಹೊರೆಯಾಗಿ ಕೂರುತ್ತದೆ. ಅಂದರೆ ಮನೆಯನ್ನು ಮಾರಿದವನಿಗೆ ಮನೆ ಮೇಲೆ ಹಿಡಿತ ಉಂಟು. ಕಟ್ಟಿದವನಿಗೆ ಇಲ್ಲ. ಆಸ್ತಿಯ ಬಾಕಿ ಬಾಕಿ. ಬೆವರಿನ ಬಾಕಿ? ಅವನ್ನ ಕೇಳು!

ಹಿಡಿತದ ಹಕ್ಕಿಲ್ಲದವನಿಗೆ ಉಳಿದದ್ದು ಕೂಲಿ ಕೇಳುವ ಹಕ್ಕು. ಅದೂ ತಡವಾಗಿ ಬಂತು. 1936ರ ವೇತನ ಪಾವತಿ ಕಾಯಿದೆ ಮೊದಲು ನೋಡಿದ್ದು ಕಾರ್ಖಾನೆ, ರೈಲ್ವೆಯವರನ್ನು. ಅದೂ ಬ್ರಿಟಿಷ್ ಇಂಡಿಯಾದಲ್ಲಿ. ನಿರ್ಣಾ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಕಚೇರಿಯ ಕಾಗದ ಉರ್ದುವಿನಲ್ಲಿ, ನಮ್ಮವರ ಬಾಳು ಬಿಟ್ಟಿ ಬೇಗಾರಿಯಲ್ಲಿ. 1948ರಲ್ಲಿ ಎರಡು ಸಂಗತಿ ನಡೆದವು. ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತಕ್ಕೆ ಸೇರಿತು. ಅದೇ ವರ್ಷ ದೇಶಕ್ಕೆ ಕನಿಷ್ಠ ವೇತನ ಕಾಯಿದೆ ಬಂದಿತ್ತು. ಅದರ ಪಟ್ಟಿಯಲ್ಲಿ ರಸ್ತೆ ಕೆಲಸ, ಕಟ್ಟಡ ಕೆಲಸ, ಕಲ್ಲು ಒಡೆಯುವ ಕೆಲಸ ಹೆಸರು ಸಮೇತ ಇದ್ದವು. ಆದರೆ ಅರ್ಜಿಗೆ ಗಡುವು 6 ತಿಂಗಳು. ಅಪ್ಪನಿಗೆ ಹೇಳಿದ "ಅವಧಿ"ಯ ಮೂಲ ಇದೇ.

ಆ ಕಲಮಿನ ಬಾಲದಲ್ಲೇ ಇನ್ನೊಂದು ಮಾತಿತ್ತು. ಸಾಕಷ್ಟು ಕಾರಣವಿದ್ದರೆ ತಡವಾದ ಅರ್ಜಿಯನ್ನೂ ತೆಗೆದುಕೊಳ್ಳಬಹುದು. ಸಿವಿಲ್ ಕೋರ್ಟಿನ ದಾರಿಯೂ ಇತ್ತು. 1963ರ ಕಾಲಮಿತಿ ಕಾಯಿದೆಯಂತೆ, ಹಣ ಕೊಡುವ ದಿನ ಗೊತ್ತುಮಾಡದ ಕೆಲಸಕ್ಕೆ ಕೆಲಸ ಮುಗಿದ ದಿನದಿಂದ 3 ವರ್ಷ. ಅಪ್ಪನಿಗೆ ಗಡುವು ಹೇಳಿದವರು ಇವೆರಡನ್ನೂ ಹೇಳಲಿಲ್ಲ. ಬಾಗಿಲು ಮುಚ್ಚುವ ಕಲಂ ಬಾಯಿಪಾಠ, ತೆರೆಯುವ ಕಲಂ ಮರೆವು.

ಬಾಬಾಸಾಹೇಬರ ಮುಂದಾಳುತನದಲ್ಲಿ ಕರಡಾದ ಸಂವಿಧಾನದ 23ನೇ ವಿಧಿ ಬಿಟ್ಟಿ ದುಡಿಮೆಯನ್ನು ನಿಷೇಧಿಸಿತು. ಆ ಇಂಗ್ಲಿಷ್ ಬರಹದ ನಡುವೆ 'ಬೇಗಾರ್' ಎಂಬ ನಮ್ಮ ಬಾಯ ಮಾತು ಹಾಗೇ ಕೂತಿದೆ. 1982ರಲ್ಲಿ ದಿಲ್ಲಿಯಲ್ಲಿ ಏಷ್ಯನ್ ಕ್ರೀಡಾಕೂಟಕ್ಕೆ ಕಟ್ಟಡಗಳು ಏಳುತ್ತಿದ್ದವು. ಕೂಲಿಗೆ ದಿನಕ್ಕೆ 9 ರೂಪಾಯಿ 25 ಪೈಸೆ. ಜಮಾದಾರ ಒಂದು ರೂಪಾಯಿ ಮುರಿದು 8 ರೂಪಾಯಿ 25 ಪೈಸೆ ಕೈಗಿಡುತ್ತಿದ್ದ. ಪ್ರಜಾಸತ್ತಾತ್ಮಕ ಹಕ್ಕುಗಳ ಜನಸಂಘಟನೆ ಸುಪ್ರೀಂ ಕೋರ್ಟಿಗೆ ಹೋಯಿತು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದು 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದು ಕೋರ್ಟು ಹೇಳಿತು. ಕೆಲಸಗಾರರು ಗುತ್ತೇದಾರನವರು ಎಂದು ಸರಕಾರ ಜಾರಿಕೊಳ್ಳುವಂತಿಲ್ಲ ಎಂದೂ ಹೇಳಿತು. "ಅವನ್ನ ಕೇಳು" ಎಂಬ ಮಾತಿಗೆ ಈ ನೆಲದಲ್ಲಿ ಬಿದ್ದ ದೊಡ್ಡ ಪೆಟ್ಟು ಅದು.

ಆದರೆ ಅದು ಸರಕಾರದ ದೊಡ್ಡ ಕೆಲಸ. ನಮ್ಮ ಸಣ್ಣ ಊರಿನ ಮನೆಗೆ? ಗುತ್ತೇದಾರ ಕೊಡದಿದ್ದರೆ ಮುಖ್ಯ ಮಾಲೀಕನೇ ಕೂಲಿ ಕೊಡಬೇಕು ಎಂದ 1970ರ ಗುತ್ತಿಗೆ ಕಾರ್ಮಿಕರ ಕಾಯಿದೆ 20 ಜನ ಕೂಲಿಯವರಿದ್ದಲ್ಲಿ ಮಾತ್ರ ಅನ್ವಯಿಸುತ್ತಿತ್ತು. 2025ರ ನವೆಂಬರ್ 21ರಂದು ಹಳೆಯ ಕಾಯಿದೆಗಳನ್ನು ಅಳಿಸಿ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಗುತ್ತಿಗೆ ಕೂಲಿಯವರ ಆ ಸಂಖ್ಯೆ 50ಕ್ಕೆ ಏರಿತು. ನಮ್ಮ ಊರುಗಳಲ್ಲಿ ಮನೆ ಕಟ್ಟುವ ಗುಂಪು ಎಂಟು ಹತ್ತು ಜನದ್ದು. ಬಲೆಯ ಕಣ್ಣು ಹಿಗ್ಗಿತು. ಸಣ್ಣ ಮೀನು ಬಿಡಿ, ದೊಡ್ಡವೂ ನುಸುಳುತ್ತವೆ.

ಬರೀ ಬೈದು ಮುಗಿಸುವುದಿಲ್ಲ. ಅದೇ ದಿನ ಜಾರಿಯಾದ ವೇತನ ಸಂಹಿತೆಯಲ್ಲಿ ನಾವು ಹಿಡಿದುಕೊಳ್ಳಬೇಕಾದ ಎರಡು ಮಾತಿವೆ. ಒಂದು, ಕೂಲಿ ಬಾಕಿಯ ಅರ್ಜಿಗೆ ಈಗ 3 ವರ್ಷದ ಅವಕಾಶ. ಎರಡು, ಕೊಟ್ಟಿದ್ದೇನೆ ಎಂದು ರುಜುವಾತು ಮಾಡುವ ಭಾರ ದುಡಿಸಿಕೊಂಡವನ ಮೇಲೆ. ಆದರೆ ಅಲ್ಲಿ ದುಡಿದೆ ಎಂಬುದಕ್ಕೆ ನಮ್ಮ ಕೈಯಲ್ಲಿ ಏನಾದರೂ ಇರಬೇಕಲ್ಲ. ಸುಣ್ಣದ ಕೆಳಗೆ ಹೂತ ಗೀಟು ಸಾಕ್ಷಿ ಹೇಳುವುದಿಲ್ಲ.

ಹಳ್ಳಿಯ ಮಾಸ್ತರರೆ, ಓದುವ ಗೆಳೆಯರೆ, ಇದು ನಮ್ಮ ಪಾಲಿನ ಕೆಲಸ. ಕೇರಿಯಲ್ಲಿ ವಾರಕ್ಕೊಂದು ಸಂಜೆ ಕೂರಿ. ಯಾರು, ಎಲ್ಲಿ, ಯಾವ ತಾರೀಖು, ಮಾಲೀಕ ಯಾರು, ಗುತ್ತೇದಾರ ಯಾರು, ದಿನಕ್ಕೆ ಎಷ್ಟು ಮಾತಾಗಿತ್ತು, ಎಷ್ಟು ಬಂತು ಎಂದು ಬರೆಯಿರಿ. ಜೊತೆ ದುಡಿದ ಇಬ್ಬರ ಸಹಿಯೋ ಹೆಬ್ಬೆಟ್ಟೋ ಹಾಕಿಸಿ. ಬಾಕಿ ಉಳಿದರೆ ಮಾಲೀಕನಿಗೂ ಗುತ್ತೇದಾರನಿಗೂ ಒಂದೇ ದಿನ ಸ್ಪೀಡ್ ಪೋಸ್ಟಿನಲ್ಲಿ ಕಾಗದ ಹಾಕಿ, ರಸೀದಿ ಇಟ್ಟುಕೊಳ್ಳಿ. ಕಟ್ಟಿದವನಿಗೆ ಕಟ್ಟಡದ ಮೇಲೆ ಹಿಡಿತ ಕೊಡುವ ಕಾಯಿದೆ ಬೇಕೆಂದು ಬೀದಿಯಲ್ಲಿ ಕೇಳೋಣ. ಅದು ಬರುವವರೆಗೆ ನಮ್ಮ ತಾರೀಖನ್ನು ನಾವೇ ಇಟ್ಟುಕೊಳ್ಳೋಣ.

ಅಪ್ಪನ 43 ದಿನದ ಕೂಲಿ ಬರಲಿಲ್ಲ. ಆ ಮನೆ ಇನ್ನೂ ಇದೆ, ಗಟ್ಟಿಯಾಗಿದೆ. ಅಪ್ಪ ಈಗಲೂ ಗೋಡೆ ಮೇಲೆ ಗೀಟು ಎಳೆಯುತ್ತಾನೆ. ಸಂಜೆ ಬಂದು ಕೈಕಾಲು ತೊಳೆಯುವ ಮೊದಲೇ, "ಇವತ್ತಿಂದು ಬರಕೋ ತಮ್ಮಾ" ಅನ್ನುತ್ತಾನೆ. ನಾನು ತಾರೀಖು ಹಾಕಿ ಬರೆದುಕೊಳ್ಳುತ್ತೇನೆ.