ಅಕ್ಲೂಜಿನ ‘ಸೆತ್ತೆ’: ಗಡಸು ಕೆಂಪು ವೈನ್, ಅದಕ್ಕೆ ಹೊಂದುವ ಊಟ

ಸೋಲಾಪುರ ಜಿಲ್ಲೆಯ ಮಾಳಶಿರಸ ತಾಲೂಕಿನ ಅಕ್ಲೂಜ ಎಂದರೆ ಗಡಿ ಭಾಗದವರಿಗೆ ಕಬ್ಬು, ಸಕ್ಕರೆ ಕಾರ್ಖಾನೆ ನೆನಪಾಗುತ್ತದೆ. ಅದೇ ಊರಿನ ಆಸುಪಾಸಿನಲ್ಲಿ ಇಟಲಿಯ ದ್ರಾಕ್ಷಿಯೂ ಬೆಳೆಯುತ್ತದೆ ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ. ಫ್ರಾತೆಲ್ಲಿ ಕಂಪನಿ ಇಲ್ಲಿ ತಯಾರಿಸುವ ಕೆಂಪು ವೈನಿನ ಹೆಸರು ‘ಸೆತ್ತೆ’. ಇಟಾಲಿಯನ್ ಭಾಷೆಯಲ್ಲಿ ಫ್ರಾತೆಲ್ಲಿ ಎಂದರೆ ಅಣ್ಣತಮ್ಮಂದಿರು, ಸೆತ್ತೆ ಎಂದರೆ ಏಳು (ಕನ್ನಡದ ಕಿವಿಗೆ ಬೇರೇನೋ ಕೇಳಿಸಿದರೆ ಅದು ಅವರ ತಪ್ಪಲ್ಲ). ಇಟಲಿ, ದೆಹಲಿ, ಅಕ್ಲೂಜಗಳ ಮೂರು ಜೋಡಿ ಸಹೋದರರು ಮತ್ತು ಟಸ್ಕನಿಯ ವೈನ್ ತಜ್ಞ ಪಿಯೆರೋ ಮಾಸಿ ಸೇರಿ ಏಳು ಜನ.

ಇದು ಸಾಂಜೊವೇಸೆ ಮತ್ತು ಕ್ಯಾಬರ್ನೆ ಸೋವಿನ್ಯೋ ಎಂಬ ಎರಡು ತಳಿಗಳ ಮಿಶ್ರಣ. ಸಾಂಜೊವೇಸೆ ಹುಳಿ, ಚುರುಕು ಕೊಡುತ್ತದೆ. ದಪ್ಪ ಸಿಪ್ಪೆಯ ಕ್ಯಾಬರ್ನೆ ಬಣ್ಣ ಮತ್ತು ಒಗರು ಕೊಡುತ್ತದೆ. ಆಮೇಲೆ ಓಕ್ ಮರದ ಪೀಪಾಯಿಯಲ್ಲಿ ಇಟ್ಟು ಹದಗೊಳಿಸುತ್ತಾರೆ. ಈ ಬೆರಕೆಯ ಮೂಲ ಟಸ್ಕನಿ. ಅಲ್ಲಿನ ಕಿಯಾಂತಿ ವೈನಿಗೆ ಬಿಳಿ ದ್ರಾಕ್ಷಿ ಸೇರಿಸಲೇಬೇಕೆಂಬ ನಿಯಮ ಆಗ ಇತ್ತು. ಅದನ್ನು ಬಿಟ್ಟು ಅಂತಿನೋರಿ ಮನೆತನ 1971ರ ಬೆಳೆಯಿಂದ ‘ತಿನ್ಯಾನೆಲ್ಲೊ’ ವೈನನ್ನು ಬರೀ ‘ಊಟದ ವೈನ್’ ಎಂಬ ಕೆಳದರ್ಜೆಯ ಚೀಟಿ ಹಚ್ಚಿ ಮಾರಿತು. ಮುಂದೆ ಅದೇ ದುಬಾರಿಯಾಯಿತು.

ಒಗರಿಗೆ ಕಾರಣ ಟ್ಯಾನಿನ್. ಎಳೆ ಅಡಿಕೆ, ಕಡು ಚಹಾದಲ್ಲಿ ನಾಲಿಗೆ ಒಣಗಿದಂತೆ ಆಗುವುದೂ ಇದರಿಂದಲೇ. ಮಾಂಸದ ಪ್ರೋಟೀನು, ಕೊಬ್ಬು ಸಿಕ್ಕರೆ ಟ್ಯಾನಿನ್ ಅದಕ್ಕೆ ಅಂಟಿಕೊಂಡು ಒಗರು ತಗ್ಗುತ್ತದೆ. ಹೀಗಾಗಿ ಕುರಿ ಮಾಂಸದ ಸುಕ್ಕಾ, ಕೆಂಡದಲ್ಲಿ ಸುಟ್ಟ ಮಟನ್, ಜೋಳದ ರೊಟ್ಟಿ ಇದಕ್ಕೆ ಒಳ್ಳೆಯ ಜೊತೆ. ಆದರೆ ಖಾರ ಅರ್ಧಕ್ಕೆ ಇಳಿಸಬೇಕು. ಆಲ್ಕೋಹಾಲು ಮೆಣಸಿನಕಾಯಿಯ ಉರಿ ಹೆಚ್ಚಿಸುತ್ತದೆ. ಸೋಲಾಪುರದ ಕೆಂಪು ಶೇಂಗಾ ಚಟ್ನಿಯನ್ನು ಹಾಗೇ ಬಾಯಿಗೆ ಹಾಕಿ ಗುಟುಕರಿಸಿದರೆ ವೈನಿನ ರುಚಿಯೇ ಗೊತ್ತಾಗದು. ಸಸ್ಯಾಹಾರಿಗಳಿಗೆ ಶೇಂಗಾ, ಎಳ್ಳು ತುಂಬಿದ ಎಣ್ಣೆಗಾಯಿ ಬದನೆಕಾಯಿಯೇ ಎಲ್ಲಕ್ಕಿಂತ ಮೇಲು. ಹುರಿದ ಪನೀರು, ಅಣಬೆ ನಡೆಯುತ್ತದೆ. ಟೊಮ್ಯಾಟೊ ಸಾರಿನ ಹುಳಿಗೆ ಸಾಂಜೊವೇಸೆಯ ಹುಳಿ ಸರಿದೂಗುತ್ತದೆ.

ಹೊಂದದಿರುವುದು: ಶೇಂಗಾ ಹೋಳಿಗೆಯಂಥ ಸಿಹಿ, ನಿಂಬೆ ಉಪ್ಪಿನಕಾಯಿ, ಮಜ್ಜಿಗೆ. ಕಾಸರಗೋಡು ಕಡೆಯ ಬಂಗುಡೆ ಸಾರಂತೂ ಬೇಡ, ಎಣ್ಣೆ ಮೀನಿನೊಂದಿಗೆ ಕೆಂಪು ವೈನ್ ಬಾಯಲ್ಲಿ ಕಬ್ಬಿಣದ ರುಚಿ ಬರಿಸುತ್ತದೆ.

ಪುಸ್ತಕಗಳಲ್ಲಿ ‘ಕೋಣೆಯ ಉಷ್ಣತೆಯಲ್ಲಿ ಬಡಿಸಿ’ ಎಂದಿರುತ್ತದೆ. ಅದು ಯುರೋಪಿನ ಕೋಣೆ! 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಬಾಟಲಿಯನ್ನು ಫ್ರಿಜ್‌ನಲ್ಲಿಟ್ಟು 16ರಿಂದ 18 ಡಿಗ್ರಿಗೆ ತರಬೇಕು. ಬಿರಡೆ ತೆಗೆದು ಅರ್ಧ ಗಂಟೆ ಗಾಳಿಯಾಡಲು ಬಿಟ್ಟರೆ ಒಗರು ಮೆದುವಾಗುತ್ತದೆ.

ಇನ್ನು ದ್ರಾಕ್ಷಿ ಬೆಳೆಗಾರರು ಗಮನಿಸಬೇಕಾದ ಮಾತು. ಮಹಾರಾಷ್ಟ್ರ 2001ರಲ್ಲಿ ವೈನಿಗೆ ಉತ್ತೇಜನ ಕೊಡುವ ನೀತಿ ತಂದಿತು. 2022ರ ಜನವರಿಯಲ್ಲಿ ಸೂಪರ್ ಮಾರ್ಕೆಟ್‌ಗಳಲ್ಲಿ ವೈನ್ ಮಾರಲು ಸಚಿವ ಸಂಪುಟ ಒಪ್ಪಿದಾಗಲೂ ರೈತರ ಆದಾಯದ ಕಾರಣವನ್ನೇ ಮುಂದಿಟ್ಟಿತ್ತು. ತೀವ್ರ ವಿರೋಧವೂ ಎದ್ದಿತು. ಆದರೆ ಜತ್ತ, ಸೋಲಾಪುರ, ವಿಜಯಪುರದ ರೈತರು ಹೆಚ್ಚಾಗಿ ಬೆಳೆಯುವುದು ತಿನ್ನಲು, ಒಣದ್ರಾಕ್ಷಿ ಮಾಡಲು ಬೇಕಾದ ಥಾಮ್ಸನ್, ಸೋನಾಕದಂಥ ಬೀಜವಿಲ್ಲದ ತಳಿ. ಇಂಥ ಕೆಂಪು ವೈನಿಗೆ ಅದು ಬರುವುದಿಲ್ಲ. ವೈನ್ ದ್ರಾಕ್ಷಿ ಸಣ್ಣದು, ಬೀಜವುಳ್ಳದ್ದು, ಸಿಪ್ಪೆ ದಪ್ಪ. ಅದನ್ನು ಪೆಟ್ಟಿಗೆ ತುಂಬಿ ಪೇಟೆಗೆ ಕಳಿಸಲಾಗದು, ಒಣಗಿಸಿ ಮಾರಲೂ ಆಗದು. ವೈನರಿ ಬೇಡವೆಂದರೆ ಮಾಲು ಗಿಡದಲ್ಲೇ ಉಳಿದಂತೆ. ಬಳ್ಳಿ ಹಚ್ಚುವ ಮೊದಲೇ ದರ, ಸಕ್ಕರೆ ಅಂಶ, ಎಷ್ಟು ವರ್ಷ ಕೊಳ್ಳುತ್ತಾರೆ ಎಂಬುದು ಬರಹದಲ್ಲಿ ಇರಬೇಕು.

ಬಾಟಲಿಯನ್ನು ರಾಜ್ಯದ ಗಡಿ ದಾಟಿಸುವುದಕ್ಕೂ ಅಬಕಾರಿ ನಿಯಮ ಇದೆ. ಮೊದಲೇ ಅಬಕಾರಿ ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು. ತೆರೆದ ಬಾಟಲಿ ಫ್ರಿಜ್‌ನಲ್ಲಿ ಎರಡು ಮೂರು ದಿನ ತಡೆಯುತ್ತದೆ, ಮುಂದೆ ಹುಳಿಯಾಗುತ್ತದೆ. ಅದಕ್ಕೂ ಮೊದಲು ಮಿಕ್ಕಿದ್ದನ್ನು ಮಟನ್ ನೆನೆಸಿಡಲು ಬಳಸಬಹುದು.